ವಾಲ್ಡೆಮಾರ್ ಹಾಫ್‌ಕಿನ್: ಪ್ಲೇಗಿನ ಲಸಿಕೆ ಕೊಟ್ಟವರು, ಒಂದು ಸೀಸೆಯ ಆರೋಪ ಹೊತ್ತವರು

ಪಾರಿಶ್ವಾಡದ ನಮ್ಮ ಮನೆಯಲ್ಲಿ ಅಟ್ಟದ ಮೇಲೆ ಇಲಿ ಸತ್ತು ಬಿದ್ದರೆ ಅಜ್ಜಿಗೆ ಇಂದಿಗೂ ಸಮಾಧಾನ ಇರುವುದಿಲ್ಲ. ಅವರು ಪ್ಲೇಗನ್ನು ಕಣ್ಣಾರೆ ಕಂಡವರಲ್ಲ, ಅವರ ಅತ್ತೆ ಹೇಳಿದ್ದನ್ನು ಕೇಳಿದವರು. ಇಲಿ ಬಿದ್ದ ಸುದ್ದಿ ಬಂದೊಡನೆ ಜನ ಮನೆಗೆ ಬೀಗ ಹಾಕಿ, ಕಾಳುಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರಂತೆ. ಬಗಲಲ್ಲೋ ತೊಡೆಸಂದಿಯಲ್ಲೋ ಗಂಟು ಎದ್ದವರು ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಿದ್ದರಂತೆ. 8ನೇ ತರಗತಿಯ ಸೂಕ್ಷ್ಮಜೀವಿಗಳ ಘಟಕ ನನ್ನ ಅಭ್ಯಾಸ ಪಾಠಕ್ಕೆ ಬಂದಾಗ ಅಜ್ಜಿಯ ಈ ಮಾತನ್ನೇ ಪೀಠಿಕೆ ಮಾಡಿಕೊಳ್ಳಬೇಕೆಂದುಕೊಂಡೆ. ಹುಡುಕುತ್ತ ಹೋದಾಗ ಸಿಕ್ಕವರು ವಾಲ್ಡೆಮಾರ್ ಹಾಫ್‌ಕಿನ್. ಪ್ಲೇಗಿಗೆ ಮೊದಲ ಲಸಿಕೆ ತಯಾರಿಸಿದವರು ಅವರೇ. ಆ ಲಸಿಕೆ ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಗೂ ಬಂದಿತ್ತು.

ಅವರ ಬದುಕಿನಿಂದ ಮಕ್ಕಳಿಗೆ ಎರಡು ವಿಷಯ ಹೇಳಬಹುದೆಂದು ನನಗೆ ಅನ್ನಿಸಿತು. ಬ್ಯಾಕ್ಟೀರಿಯಾದ ಬಲ ಎಷ್ಟೋ ಸಲ ಅದರ ಕಿಣ್ವದೊಳಗಿನ ಒಂದು ಲೋಹದ ಕಣದಲ್ಲಿದೆ ಎಂಬುದು ಮೊದಲನೆಯದು. ತಪ್ಪು ಎಲ್ಲಿ ನಡೆಯಿತೆಂದು ಪರೀಕ್ಷಿಸದೆ ತಪ್ಪಿತಸ್ಥರನ್ನು ಗೊತ್ತುಮಾಡಬಾರದು ಎಂಬುದು ಎರಡನೆಯದು.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಉಕ್ರೇನಿನಲ್ಲಿರುವ ಒಡೆಸ್ಸಾ ನಗರದಲ್ಲಿ. ಯಹೂದಿ ಕುಟುಂಬ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಅಲ್ಲಿ ಅವರಿಗೆ ಗುರುಗಳಾಗಿ ಸಿಕ್ಕವರು ಇಲ್ಯಾ ಮೆಚ್ನಿಕೋವ್. ನಮ್ಮ ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗಿ ಕೊಲ್ಲುತ್ತವೆ ಎಂದು ತೋರಿಸಿದ ವಿಜ್ಞಾನಿ ಇವರೇ. ಯಹೂದಿಗಳ ಮೇಲೆ ದಾಳಿಗಳು ನಡೆದಾಗ ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತು ಬಂಧನಕ್ಕೂ ಒಳಗಾದರು. ಮತಾಂತರವಾದರೆ ಒಳ್ಳೆಯ ಹುದ್ದೆ ಸಿಗುತ್ತಿತ್ತು, ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. ಆಗ ಅಲ್ಲಿ ಖಾಲಿ ಇದ್ದದ್ದು ಗ್ರಂಥಪಾಲಕನ ಕೆಲಸ. ಅದನ್ನೇ ಒಪ್ಪಿಕೊಂಡು, ಬಿಡುವಿನಲ್ಲಿ ಪ್ರಯೋಗಾಲಯದಲ್ಲಿ ದುಡಿದರು.

ಅಲ್ಲಿ ಅವರು ಕಾಲರಾ ರೋಗಾಣುವಿನಿಂದ ಲಸಿಕೆ ತಯಾರಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. 1893ರಲ್ಲಿ ಕಲ್ಕತ್ತಾಕ್ಕೆ ಬಂದರು. ಕೊಳೆಗೇರಿಗಳಲ್ಲಿ, ಚಹಾ ತೋಟಗಳಲ್ಲಿ, ಸೇನಾ ಠಾಣೆಗಳಲ್ಲಿ ತಿರುಗಿ ಎರಡು ವರ್ಷಗಳಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಕೊನೆಗೆ ಮಲೇರಿಯಾ ಹಿಡಿದು ಯುರೋಪಿಗೆ ಮರಳಬೇಕಾಯಿತು. ಗುಣವಾದ ಮೇಲೆ 1896ರಲ್ಲಿ ಮತ್ತೆ ಭಾರತಕ್ಕೆ ಬಂದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸರ್ಕಾರ ಹಾಫ್‌ಕಿನ್ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಅದರ ಪಕ್ಕದ ಓಣಿ, ಒಬ್ಬ ಗುಮಾಸ್ತ, ತರಬೇತಿ ಇಲ್ಲದ ಮೂವರು ಸೇವಕರು: ಇಷ್ಟೇ ಅವರ ಪ್ರಯೋಗಾಲಯ. ಪ್ಲೇಗಿನ ಬ್ಯಾಕ್ಟೀರಿಯಾವನ್ನು 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರು. ಹಾಫ್‌ಕಿನ್ ಅದನ್ನು ಮಾಂಸದ ರಸದಲ್ಲಿ ಬೆಳೆಸಿ, ಮೇಲೆ ಕೆಲವು ಹನಿ ತುಪ್ಪ ತೇಲಿಬಿಟ್ಟರು. ತುಪ್ಪದ ಹನಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಗವಿಯ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಡ್ಡಿಗಳಂತೆ ಕೆಳಮುಖವಾಗಿ ಬೆಳೆಯುತ್ತಿತ್ತು. ಹಾಗೆ ಹೇರಳವಾಗಿ ಬೆಳೆದದ್ದನ್ನು ಬಿಸಿಮಾಡಿ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಇದನ್ನೂ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಕೊಟ್ಟರು.

ಪ್ಲೇಗು ರೈಲುದಾರಿ ಹಿಡಿದು ನಮ್ಮ ಕಡೆಗೂ ಬಂತು, ಹಿಂದೆಯೇ ಲಸಿಕೆಯೂ ಬಂತು. 1898ರಲ್ಲಿ ಹುಬ್ಬಳ್ಳಿ ಊರಿನ ಬಹುಪಾಲು ಜನರಿಗೆ ಚುಚ್ಚುಮದ್ದು ಹಾಕಲಾಯಿತು. ಆ ಕಾಲದಲ್ಲಿ ಒಂದು ಇಡೀ ಊರಿಗೆ ಲಸಿಕೆ ಹಾಕುವುದು ಸಣ್ಣ ಕೆಲಸವಾಗಿರಲಿಲ್ಲ. ಸರ್ಕಾರದವರು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಾರೆ ಎಂದು ಜನ ಹೆದರಿದ್ದ ದಿನಗಳು ಅವು. ಹಾಫ್‌ಕಿನ್ ಒತ್ತಾಯದ ದಾರಿ ಹಿಡಿಯಲಿಲ್ಲ. ಜನ ತಾವಾಗಿ ಒಪ್ಪಬೇಕು, ಒಪ್ಪಬೇಕಾದರೆ ಲೆಕ್ಕ ತೋರಿಸಬೇಕು ಎಂಬುದು ಅವರ ಪದ್ಧತಿ.

ಬಿ.ಇಡಿ. ವಿದ್ಯಾರ್ಥಿಗಳಾದ ನಾವು ಅವರ ಲೆಕ್ಕವನ್ನು ಗಮನಿಸಬೇಕು. ಬರೋಡಾ ಸಮೀಪದ ಉಂಧೇರಾ ಎಂಬ ಹಳ್ಳಿಯಲ್ಲಿ ಒಂದೊಂದು ಮನೆಯಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಲಸಿಕೆ ಹಾಕಿ, ಉಳಿದವರನ್ನು ಹಾಗೆಯೇ ಬಿಡಲಾಯಿತು. ಮನೆ ಒಂದೇ, ಊಟ ಒಂದೇ, ಇಲಿಗಳೂ ಅವೇ. ವ್ಯತ್ಯಾಸ ಲಸಿಕೆಯದು ಮಾತ್ರ. ಪ್ಲೇಗು ಹೊಕ್ಕ ಮನೆಗಳಲ್ಲಿ ಲಸಿಕೆ ಪಡೆದ 71 ಜನರಲ್ಲಿ 3 ಜನ ತೀರಿಕೊಂಡರು. ಪಡೆಯದ 64 ಜನರಲ್ಲಿ 26 ಜನ ತೀರಿಕೊಂಡರು. ನಿಯಂತ್ರಿತ ಪ್ರಯೋಗ ಎಂದರೇನು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಪ್ಲೇಗಿನ ಬ್ಯಾಕ್ಟೀರಿಯಾ ಅಷ್ಟು ಬೇಗ ಮನುಷ್ಯನನ್ನು ಮಣಿಸುತ್ತಿದ್ದದ್ದು ಹೇಗೆ? ಹಾಫ್‌ಕಿನ್ ಕಾಲದಲ್ಲಿ ಇದಕ್ಕೆ ಪೂರ್ತಿ ಉತ್ತರ ಇರಲಿಲ್ಲ. ಇಂದು ತಿಳಿದಿರುವುದರಲ್ಲಿ ಒಂದು ಮುಖ್ಯ ಭಾಗ ಲೋಹಯುಕ್ತ ಕಿಣ್ವಗಳದ್ದು. ತರಗತಿಯಲ್ಲಿ ನಾನು ಕುಡಗೋಲಿನ ಹೋಲಿಕೆ ಕೊಟ್ಟೆ. ಕುಡಗೋಲಿನ ಹಿಡಿ ಕಟ್ಟಿಗೆಯದು, ಬಾಯಿ ಕಬ್ಬಿಣದ್ದು. ಹಿಡಿ ಇಲ್ಲದೆ ಬೀಸಲಾಗದು, ಬಾಯಿ ಇಲ್ಲದೆ ಕೊಯ್ಯಲಾಗದು. ಹಾಗೆಯೇ ಎಷ್ಟೋ ಕಿಣ್ವಗಳಲ್ಲಿ ಪ್ರೋಟೀನು ಹಿಡಿಯ ಹಾಗೆ, ಅದರ ನಡುವೆ ಕೂತ ಕಬ್ಬಿಣ, ಸತು, ಮ್ಯಾಂಗನೀಸ್ ಅಥವಾ ನಿಕಲ್ ಕಣ ಬಾಯಿಯ ಹಾಗೆ. ಶೇಂಗಾದ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವುದು ಕಬ್ಬಿಣ ಮತ್ತು ಮಾಲಿಬ್ಡಿನಮ್ ಇರುವ ಕಿಣ್ವದಿಂದ. ಬ್ಯಾಕ್ಟೀರಿಯಾ ಉಸಿರಾಡಿ ಶಕ್ತಿ ಪಡೆಯುವ ಸರಪಳಿಯಲ್ಲೂ ಕಬ್ಬಿಣವಿದೆ. ಲೋಹ ಇಲ್ಲದೆ ಅವುಗಳ ಸಂಸಾರ ನಡೆಯದು.

ರೋಗ ತರುವ ಬ್ಯಾಕ್ಟೀರಿಯಾಕ್ಕೆ ಇನ್ನೂ ಒಂದು ಕಷ್ಟವಿದೆ. ಮೆಚ್ನಿಕೋವ್ ಕಂಡ ಬಿಳಿಕಣಗಳು ರೋಗಾಣುವನ್ನು ನುಂಗಿ ಸುಮ್ಮನಾಗುವುದಿಲ್ಲ. ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಉಗ್ರ ವಸ್ತುಗಳನ್ನು ಅದರ ಮೇಲೆ ಸುರಿಯುತ್ತವೆ. ಇದನ್ನು ತಾಳಿಕೊಳ್ಳಲು ಬ್ಯಾಕ್ಟೀರಿಯಾ ಎರಡು ಕಿಣ್ವಗಳನ್ನು ಇಟ್ಟುಕೊಂಡಿದೆ. ಸೂಪರಾಕ್ಸೈಡ್ ಡಿಸ್‌ಮ್ಯೂಟೇಸ್ ಎಂಬುದು ಸೂಪರಾಕ್ಸೈಡನ್ನು ಪೆರಾಕ್ಸೈಡ್ ಆಗಿಸುತ್ತದೆ. ಅದರಲ್ಲಿ ಮ್ಯಾಂಗನೀಸ್, ಕಬ್ಬಿಣ ಅಥವಾ ತಾಮ್ರ ಮತ್ತು ಸತು ಇರುತ್ತದೆ. ಕೆಟಲೇಸ್ ಎಂಬುದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಅದರಲ್ಲಿರುವುದು ಕಬ್ಬಿಣ. ಪ್ಲೇಗಿನ ಬ್ಯಾಕ್ಟೀರಿಯಾದ ಬಳಿ ಎರಡೂ ಇವೆ. ನಮ್ಮ ದೇಹವೂ ಸುಮ್ಮನಿರುವುದಿಲ್ಲ, ಕಬ್ಬಿಣವನ್ನು ಕೆಲವು ಪ್ರೋಟೀನುಗಳಲ್ಲಿ ಬಿಗಿಹಿಡಿದು ರೋಗಾಣುವಿಗೆ ಸಿಗದಂತೆ ಮಾಡುತ್ತದೆ. ಪ್ಲೇಗಿನ ಬ್ಯಾಕ್ಟೀರಿಯಾ ಯೆರ್ಸಿನಿಯಾಬ್ಯಾಕ್ಟಿನ್ ಎಂಬ ವಸ್ತುವನ್ನು ಹೊರಬಿಟ್ಟು ಆ ಕಬ್ಬಿಣವನ್ನು ಕಿತ್ತುಕೊಳ್ಳುತ್ತದೆ. ಸೋಂಕು ಎಂದರೆ ಒಂದು ರೀತಿಯಲ್ಲಿ ಲೋಹಕ್ಕಾಗಿ ನಡೆಯುವ ಜಗಳ.

ಆದರೆ ಲೋಹದ ಕಿಣ್ವ ಹೆಚ್ಚಿದ್ದಷ್ಟೂ ರೋಗಾಣುವಿಗೆ ಲಾಭ ಎಂದೇನಿಲ್ಲ. ನಿಕಲ್ ಇರುವ ಯೂರಿಯೇಸ್ ಕಿಣ್ವ ಹೊಟ್ಟೆಹುಣ್ಣಿನ ಬ್ಯಾಕ್ಟೀರಿಯಾವನ್ನು ಜಠರದ ಆಮ್ಲದಿಂದ ಕಾಪಾಡುತ್ತದೆ. ಪ್ಲೇಗಿನ ಬ್ಯಾಕ್ಟೀರಿಯಾದ ಪೂರ್ವಜನಲ್ಲೂ ಈ ಕಿಣ್ವ ಇತ್ತು. ಆದರೆ ಅದು ಚಿಗಟಕ್ಕೆ ವಿಷ. ಪ್ಲೇಗು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ಬರುತ್ತದೆ ಎಂದು 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದರು. ಹೊತ್ತೊಯ್ಯುವ ಚಿಗಟವೇ ಸತ್ತರೆ ರೋಗ ಹರಡುವುದು ಹೇಗೆ? ಪ್ಲೇಗಿನ ಬ್ಯಾಕ್ಟೀರಿಯಾದಲ್ಲಿ ಯೂರಿಯೇಸ್‌ಗೆ ಬೇಕಾದ ಒಂದು ಜೀನ್ ಕೆಟ್ಟುಹೋಗಿ ಆ ಕಿಣ್ವ ಕೆಲಸ ನಿಲ್ಲಿಸಿದೆ. ಚಿಗಟ ಬದುಕಿ ಉಳಿಯಿತು, ಪ್ಲೇಗು ಹರಡಿತು. ಒಂದು ಲೋಹದ ಕಿಣ್ವ ಇದ್ದದ್ದರಿಂದಲ್ಲ, ಇಲ್ಲದಾದದ್ದರಿಂದ ಆದ ಪರಿಣಾಮ ಇದು.

ಮತ್ತೆ ಹಾಫ್‌ಕಿನ್ ಕತೆಗೆ ಬರೋಣ. 1899ರಲ್ಲಿ ಅವರ ಪ್ರಯೋಗಾಲಯ ಮುಂಬಯಿಯ ಪರೇಲ್‌ನಲ್ಲಿದ್ದ ಹಳೆಯ ಸರ್ಕಾರಿ ಭವನಕ್ಕೆ ಬಂತು. ಲಸಿಕೆಗೆ ಬೇಡಿಕೆ ಏರಿತು. ಪಂಜಾಬಿನಲ್ಲಿ ಲಕ್ಷಗಟ್ಟಲೆ ಜನರಿಗೆ ಹಾಕುವ ಯೋಜನೆ ಆಯಿತು. ಬೇಗ ತಯಾರಿಸಲೆಂದು ಹಾಫ್‌ಕಿನ್ ವಿಧಾನವನ್ನು ಬದಲಿಸಿ, ಕಾರ್ಬಾಲಿಕ್ ಆಮ್ಲ ಬಿಟ್ಟು, ಕಾವಿನಿಂದಲೇ ಶುದ್ಧಿ ಮಾಡುವ ಕ್ರಮ ಹಿಡಿದರು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನರಿಗೆ ಧನುರ್ವಾಯು ಬಂತು. ಹತ್ತೊಂಬತ್ತೂ ಜನ ತೀರಿಕೊಂಡರು. ಆ ಹತ್ತೊಂಬತ್ತೂ ಜನರಿಗೆ ಹಾಕಿದ್ದು ಒಂದೇ ಸೀಸೆಯ ಲಸಿಕೆ. ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ.

ಧನುರ್ವಾಯು ಎಂಬ ಹೆಸರೇ ರೋಗಿಯ ಸ್ಥಿತಿಯನ್ನು ಹೇಳುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಇದನ್ನು ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲಿ ಬೀಜಕಗಳಾಗಿ ವರ್ಷಗಟ್ಟಲೆ ಇರಬಲ್ಲದು. ಬೆಳೆಯುವ ಹೊತ್ತಿನಲ್ಲಿ ಅದಕ್ಕೆ ಆಮ್ಲಜನಕ ಆಗದು. ಕೆಟಲೇಸ್ ಅದರ ಬಳಿ ಇಲ್ಲ. ಆದ್ದರಿಂದಲೇ ಗಾಳಿಯಾಡದ ಆಳವಾದ ಗಾಯ ಅದಕ್ಕೆ ಅನುಕೂಲ. ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಇರುವ ರಕ್ಷಣೆ ಇದಕ್ಕಿಲ್ಲ, ಆದರೆ ಬೇರೆ ಆಯುಧವಿದೆ. ಅದು ಸುರಿಸುವ ವಿಷವೇ ಒಂದು ಕಿಣ್ವ. ಅದರ ನಡುವೆ ಒಂದು ಸತುವಿನ ಅಯಾನು ಇದೆ. ವಿಷ ಗಾಯದಿಂದ ನರದ ಮೂಲಕ ಬೆನ್ನುಹುರಿಗೆ ಏರುತ್ತದೆ. ಸ್ನಾಯುವಿಗೆ ಸಡಿಲವಾಗು ಎಂದು ಹೇಳುವ ನರಕೋಶಗಳ ತುದಿಯಲ್ಲಿ ಸಂದೇಶ ಹೊರಬರಲು ಬೇಕಾದ ಒಂದು ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ. ಸಡಿಲವಾಗುವ ಸಂದೇಶವೇ ಬಾರದೆ ಸ್ನಾಯು ಬಿಗಿದೇ ಉಳಿಯುತ್ತದೆ. ಸತು ತೆಗೆದರೆ ಈ ಕತ್ತರಿ ಕತ್ತರಿಸುವುದಿಲ್ಲ. ಇದು ಸತುವಿನ ಕಿಣ್ವ ಎಂದು ಗೊತ್ತಾದದ್ದು 1992ರಲ್ಲಿ, ಇಟಲಿಯ ಸಂಶೋಧಕರಿಂದ. ಮುಲ್ಕೋವಾಲ್ ಘಟನೆಗೆ ಆಗ 90 ವರ್ಷ.

ಧನುರ್ವಾಯುವಿನ ಬೀಜಕ ಆ ಸೀಸೆಗೆ ಸೇರಿದ್ದು ಎಲ್ಲಿ, ಮುಂಬಯಿಯ ಪ್ರಯೋಗಾಲಯದಲ್ಲೋ ಮುಲ್ಕೋವಾಲ್‌ನಲ್ಲೋ? ಸರ್ಕಾರದ ಆಯೋಗ ದೋಷವನ್ನು ಪ್ರಯೋಗಾಲಯದ ಮೇಲೆ ಹೊರಿಸಿತು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದೇ ಮುಖ್ಯ ಆಕ್ಷೇಪವಾಯಿತು. ಹಾಫ್‌ಕಿನ್ ಹುದ್ದೆಯಿಂದ ದೂರವಾದರು. ತಾವೇ ಕಟ್ಟಿದ ಪ್ರಯೋಗಾಲಯ ಅವರ ಕೈತಪ್ಪಿತು. ಇಂಗ್ಲೆಂಡಿಗೆ ಹೋಗಿ ವರ್ಷಗಟ್ಟಲೆ ತಮ್ಮ ಪರವಾಗಿ ದಾಖಲೆ ಜೋಡಿಸುತ್ತ ಕುಳಿತರು.

ದಾಖಲೆಗಳಲ್ಲಿ ಇದ್ದ ವಿವರಗಳು ಇವು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಉರಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ, ಅದರಿಂದಲೇ ಬಿರಡೆ ಕಿತ್ತಿದ್ದರು. ಕ್ಷಣಕಾಲ ಅದ್ದಿದ ಮಾತ್ರಕ್ಕೆ ಧನುರ್ವಾಯುವಿನ ಬೀಜಕ ಸಾಯುವುದಿಲ್ಲ. ಇನ್ನು, ಆ ಸೀಸೆ ತುಂಬಿ 41 ದಿನಗಳಾಗಿದ್ದವು. ಬೀಜಕ ಮುಂಬಯಿಯಲ್ಲೇ ಸೇರಿದ್ದರೆ ಗಾಳಿ ಇಲ್ಲದ ಮುಚ್ಚಿದ ಸೀಸೆಯಲ್ಲಿ ಅಷ್ಟು ದಿನ ಬೆಳೆದು ಕೆಟ್ಟ ವಾಸನೆ ಬರಬೇಕಿತ್ತು. ಲಸಿಕೆ ಹಾಕಿದ ವೈದ್ಯರು ಮೂಸಿ ನೋಡಿದ್ದರು, ವಾಸನೆ ಇರಲಿಲ್ಲ. ಹಾಗೆ ಬೆಳೆದಿದ್ದರೆ ವಿಷವೂ ಸೀಸೆಯಲ್ಲೇ ಸಿದ್ಧವಾಗಿದ್ದು, ಲಕ್ಷಣಗಳು ಬೇಗ ಕಾಣಬೇಕಿತ್ತು. ಆದರೆ ಬೀಜಕ ಮೈ ಸೇರಿ, ಮೊಳೆತು, ವಿಷ ಮಾಡಲು ಬೇಕಾಗುವಷ್ಟು, ಅಂದರೆ ಸುಮಾರು ಒಂದು ವಾರದ ನಂತರ ಅವು ಕಂಡಿದ್ದವು. ಎಲ್ಲ ಸುಳಿವುಗಳೂ ಮುಲ್ಕೋವಾಲ್‌ನ ನೆಲದ ಕಡೆಗೇ ಬೆರಳು ತೋರುತ್ತಿದ್ದವು.

ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಈ ವಿಷಯವನ್ನು ಕೈಗೆತ್ತಿಕೊಂಡರು. 1907ರ ಜುಲೈನಲ್ಲಿ ಹತ್ತು ಮಂದಿ ವಿಜ್ಞಾನಿಗಳು ಸಹಿ ಮಾಡಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಗೆ ಹಾಫ್‌ಕಿನ್ ಆರೋಪಮುಕ್ತರಾಗಿ ಭಾರತಕ್ಕೆ ಮರಳಿದರು. ಆದರೆ ಮುಂಬಯಿಗೆ ಅಲ್ಲ, ಕಲ್ಕತ್ತಾಕ್ಕೆ. ಅಲ್ಲಿ ಲಸಿಕೆ ತಯಾರಿಸುವ ಅವಕಾಶ ಇರಲಿಲ್ಲ. 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಹೋದರು. ಮದುವೆಯಾಗಲಿಲ್ಲ. 1925ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಅದು ಇಂದಿಗೂ ಇದೆ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ತೀರಿಕೊಂಡರು. 1964ರಲ್ಲಿ ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ತಂದಿತು.

ಈ ಜೀವನಚರಿತ್ರೆ ನನಗೆ ನಾಟಿದ್ದು ಓದುವಾಗಲ್ಲ, ನನ್ನದೇ ಪಾಠ ಕೆಟ್ಟಾಗ. ಕೆಟಲೇಸ್ ತೋರಿಸಲು ಹಸಿ ಆಲೂಗಡ್ಡೆಯ ತುಂಡಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ. ಬುಸುಬುಸು ನೊರೆ ಬರಬೇಕಿತ್ತು. ಒಂದು ಗುಳ್ಳೆಯೂ ಏಳಲಿಲ್ಲ. ತರಗತಿ ನಕ್ಕಿತು. ಪಾಠಕ್ಕೆ ಮೊದಲು ಹಿಂದಿನ ಬೆಂಚಿನ ಇಬ್ಬರು ಹುಡುಗರು ಆ ಸೀಸೆಯನ್ನು ಎತ್ತಿ ನೋಡುತ್ತಿದ್ದುದನ್ನು ಕಂಡಿದ್ದೆ. ನೀರು ಬೆರೆಸಿದ್ದಾರೆಂದು ಅವರನ್ನು ಎಬ್ಬಿಸಿ ನಿಲ್ಲಿಸಿ ಬೈದೆ. ಒಬ್ಬ ಏನೋ ಹೇಳಲು ಬಾಯಿ ತೆರೆದ, ನಾನು ಕೇಳಲಿಲ್ಲ.

ಸಂಜೆ ಔಷಧ ಅಂಗಡಿಯಿಂದ ಹೊಸ ಸೀಸೆ ತಂದು ಅದೇ ಆಲೂಗಡ್ಡೆಯ ಉಳಿದ ಅರ್ಧಕ್ಕೆ ಹಾಕಿದೆ. ನೊರೆ ಉಕ್ಕಿತು. ಹಳೆಯ ಸೀಸೆಯನ್ನು ತಿರುಗಿಸಿ ನೋಡಿದೆ. ಹಿಂದಿನ ವರ್ಷ ಅರ್ಧ ಬಳಸಿ ಇಟ್ಟದ್ದು, ಮುಚ್ಚಳ ಸಡಿಲ, ಅವಧಿ ಮುಗಿದಿತ್ತು. ಒಳಗಿನ ಪೆರಾಕ್ಸೈಡ್ ತಾನಾಗಿಯೇ ಒಡೆದು ಬಹುಮಟ್ಟಿಗೆ ನೀರಾಗಿತ್ತು. ಹುಡುಗರದ್ದು ಏನೂ ತಪ್ಪಿರಲಿಲ್ಲ, ದಿನಾಂಕ ನೋಡದ ತಪ್ಪು ನನ್ನದು. ಮರುದಿನ ಎರಡೂ ಸೀಸೆಗಳನ್ನು ಮೇಜಿನ ಮೇಲಿಟ್ಟು, ಆ ಇಬ್ಬರಿಂದಲೇ ಪ್ರಯೋಗ ಮಾಡಿಸಿ, ನಡೆದದ್ದನ್ನು ಇಡೀ ತರಗತಿಗೆ ಹೇಳಿ, ಅವರ ಕ್ಷಮೆ ಕೇಳಿದೆ. ಬೇಯಿಸಿದ ಆಲೂಗಡ್ಡೆಯ ತುಂಡನ್ನೂ ಪಕ್ಕಕ್ಕೆ ಇಟ್ಟಿದ್ದೆವು. ಅದರಲ್ಲಿ ನೊರೆ ಬರಲಿಲ್ಲ. ಬೇಯಿಸಿದರೂ ಕಬ್ಬಿಣ ಎಲ್ಲಿಗೂ ಹೋಗಿಲ್ಲವಲ್ಲ, ಮತ್ತೇಕೆ ನೊರೆ ಬರಲಿಲ್ಲ ಎಂದು ಆ ಇಬ್ಬರಲ್ಲಿ ಒಬ್ಬ ಕೇಳಿದ. ಕಾವಿಗೆ ಹಿಡಿ ಕೆಟ್ಟರೆ ಬಾಯಿ ಇದ್ದೂ ಪ್ರಯೋಜನವಿಲ್ಲ ಎಂದು ಇನ್ನೊಬ್ಬನೇ ಉತ್ತರಿಸಿದ. ಆ ಘಟಕದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ, ಅತ್ಯುತ್ತಮ ಉತ್ತರ ಅವು.

ಈ ಘಟಕವನ್ನು ಮುಂದೆ ಬೋಧಿಸುವ ಸಹಪಾಠಿಗಳಿಗೆ ಒಂದು ಸಲಹೆ. ಮುಲ್ಕೋವಾಲ್ ಪ್ರಕರಣವನ್ನು ತೀರ್ಪಿನೊಂದಿಗೆ ಹೇಳಬೇಡಿ. 107, 19, ಒಂದೇ ಸೀಸೆ, 41 ದಿನ, ವಾಸನೆ ಇಲ್ಲ, ಒಂದು ವಾರ, ಬಿದ್ದ ಚಿಮುಟ: ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ಗುಂಪುಗಳಿಗೆ ಬಿಡಿ. ಧನುರ್ವಾಯುವಿನ ಬ್ಯಾಕ್ಟೀರಿಯಾಕ್ಕೆ ಗಾಳಿ ಆಗದು, ಬೀಜಕ ಮೊಳೆಯಲು ಸಮಯ ಬೇಕು ಎಂಬ ಎರಡು ಸುಳಿವು ಕೊಡಿ. ಉಳಿದದ್ದನ್ನು ಮಕ್ಕಳೇ ಮಾಡುತ್ತಾರೆ. 10 ಮತ್ತು 16ನೇ ವಯಸ್ಸಿನಲ್ಲಿ ತಮಗೆ ಹಾಕುವ ಧನುರ್ವಾಯುವಿನ ಚುಚ್ಚುಮದ್ದು ಏಕೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಕಳೆದ ಸಲ ಊರಿಗೆ ಹೋದಾಗ ಅಜ್ಜಿಗೆ ಹಾಫ್‌ಕಿನ್ ಕತೆ ಹೇಳಿದೆ. ತುಪ್ಪದ ವಿಷಯಕ್ಕೆ ನಕ್ಕರು. ಚಿಮುಟದ ವಿಷಯಕ್ಕೆ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, ಆ ಚಿಮುಟ ಬೀಳಿಸಿದವನಿಗೆ ಆಮೇಲೆ ನಿದ್ದೆ ಬಂದಿತೋ ಇಲ್ಲವೋ ಎಂದು ಕೇಳಿದರು. ನನ್ನ ಪಾಠ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಈಗ ಸೇರಿಸಿದ್ದೇನೆ.